ಕಡತಕ್ಕೂ ಕನ್ನಡದ ಹೆಸರಿರಲಿ

ಕಡತಗಳಿಗೆ ಕನ್ನಡದಲ್ಲಿ ಹೆಸರಿಡಬಾರದು, ಜಾಲದ ಸರ್ವರಿಗೆ ಹಾಕಿದರೆ ಕೆಡುತ್ತವೆ ಎಂಬ ಉಪದೇಶ ಇಂದು ಸಂಘಗಳೊಳಗಿನಿಂದಲೇ ಕೇಳಿಬರುತ್ತಿದೆ. ಗಡಿಯಾಚೆಯ ಈ ನೆಲದಲ್ಲಿ ಊರ ಹಲಗೆಯ ಮೇಲೆ, ಶಾಲೆಯ ದಾಖಲೆಯಲ್ಲಿ ಕನ್ನಡದ ಹೆಸರನ್ನು ಉಳಿಸಿಕೊಳ್ಳಲು ಹೆಣಗುವ ನಾವು, ನಮ್ಮದೇ ಗಣಕದಲ್ಲಿ ಅದನ್ನು ಅಳಿಸುವುದೆಂತು? ಈ ಉಪದೇಶವನ್ನು ನಾವು ಒಪ್ಪಲಾರೆವು.

ತೊಂದರೆಯೇ ಇಲ್ಲವೆಂದು ನಮ್ಮ ವಾದವಲ್ಲ. 1878ರಲ್ಲಿ ರಾಜಾಜಿಯವರು ಜನಿಸಿದ ತೊರಪಲ್ಲಿ ಅಗ್ರಹಾರದ ಹೆಸರನ್ನೇ ನೋಡೋಣ. ‘ತೊ’ ಅಕ್ಷರದ ಒತ್ವವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ, ಕೊಂಬಿನ ಇಳಿ ಎಂದು ಬಿಡಿಸಿ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಆದರೆ ಮ್ಯಾಕ್ ಗಣಕಗಳ ಹಳೆಯ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಲಿನಕ್ಸ್ ಸರ್ವರು ಸಾಮಾನ್ಯವಾಗಿ ಬೈಟುಗಳನ್ನಷ್ಟೇ ಹೋಲಿಸುತ್ತದೆ. ಬಿಡಿಸಿದ ರೂಪದಲ್ಲೇ ನಕಲಾದ ಕಡತ ಹುಡುಕಿದರೆ ಸಿಗದು. ಒಂದೇ ಹೆಸರಿನ ಎರಡು ಕಡತಗಳು ಪಕ್ಕಪಕ್ಕದಲ್ಲಿ ಕಾಣುವುದೂ ಉಂಟು. ಎರಡನೆಯದು ನಕಲೆಂದು ಬಗೆದು ಅಳಿಸಿದರೆ, ಹಿರಿಯರೊಬ್ಬರ ಲೇಖನದ ತಿದ್ದಿದ ಪ್ರತಿಯೇ ಹೋದೀತು. ಉದ್ದಕ್ಕೂ ಮಿತಿಯಿದೆ: ಲಿನಕ್ಸಿನ ಎಕ್ಸ್ಟ್4 ವ್ಯವಸ್ಥೆಯಲ್ಲಿ ಹೆಸರಿಗೆ 255 ಬೈಟುಗಳು, ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟುಗಳಾದ್ದರಿಂದ 85 ಸಂಕೇತಗಳಷ್ಟೇ ಹಿಡಿಯುತ್ತವೆ.

ಇದು ಕನ್ನಡದ ದೋಷವೇ? ಫ್ರೆಂಚರ ಚಿಹ್ನೆಯುಳ್ಳ ಅಕ್ಷರಗಳಿಗೂ ಕೊರಿಯನ್ನರ ಹಂಗುಲ್ ಲಿಪಿಗೂ ಇದೇ ಇಬ್ಬಗೆಯ ರೂಪವಿದೆ. ದೋಷವಿರುವುದು ಯಂತ್ರಗಳ ನಡುವಣ ಒಡಂಬಡಿಕೆಯಲ್ಲಿ.

ಇಂಗ್ಲಿಷಿನಲ್ಲಿ ಬರೆದರೆ ಗೊಂದಲ ತೀರುವುದೆಂಬ ಮಾತೂ ಸಲ್ಲದು. ತೊರಪಲ್ಲಿಯನ್ನು ಒಬ್ಬರು ‘ಟಿ’ಯ ಮುಂದೆ ‘ಎಚ್’ ಸೇರಿಸಿ ಬರೆದರೆ, ಇನ್ನೊಬ್ಬರು ಬಿಡುತ್ತಾರೆ. ಮತ್ತೊಬ್ಬರು ‘ಪಿ’ಯನ್ನು ಇಮ್ಮಡಿಸುತ್ತಾರೆ. ಕನ್ನಡದ ಎರಡು ರೂಪಗಳು ಒಂದೇ ಎಂದು ಯೂನಿಕೋಡಿನ ನಿಯಮವೇ ಸಾರುತ್ತದೆ; ಇಂಗ್ಲಿಷಿನ ಈ ಕಾಗುಣಿತಗಳನ್ನು ಒಂದೆನ್ನುವ ನಿಯಮ ಯಾವುದಿದೆ?

ಪರಿಹಾರ ದೂರದಲ್ಲಿಲ್ಲ. ಎಲ್ಲ ಹೆಸರುಗಳನ್ನೂ ಎನ್‌ಎಫ್‌ಸಿ ಎಂಬ ಕೂಡಿಸಿದ ರೂಪದಲ್ಲೇ ಇಡಬೇಕು. ಹಳೆಯವನ್ನು ಕನ್ವ್‌ಎಂವಿ ಎಂಬ ಮುಕ್ತ ತಂತ್ರಾಂಶ ತಿದ್ದಬಲ್ಲದು. ಅದು ಬದಲಾವಣೆಗಳನ್ನು ಮೊದಲು ತೋರಿಸಿ, ಅಪ್ಪಣೆಯಿತ್ತ ಮೇಲಷ್ಟೇ ಹೆಸರು ಬದಲಿಸುತ್ತದೆ. ಹೆಸರುಗಳು ಚಿಕ್ಕವಾಗಿರಲಿ, ತಿದ್ದುವ ಮುನ್ನ ಪ್ರತಿಯೊಂದು ಇರಲಿ.

ಪ್ರತಿ ಸಂಘವೂ ಈ ನಿಯಮವನ್ನು ತನ್ನ ನಡಾವಳಿಯಲ್ಲಿ ಬರೆದುಕೊಳ್ಳಬೇಕೆಂದು ನಾವು ಒತ್ತಾಯಿಸುತ್ತೇವೆ. ತಂತ್ರಜ್ಞರಾದ ನಮ್ಮ ಮಕ್ಕಳು ಒಂದು ಭಾನುವಾರ ಇದಕ್ಕಾಗಿ ಕುಳಿತರೆ, ಮುಂದಿನ ಸಮ್ಮೇಳನದ ಲೇಖನಗಳು ಕನ್ನಡದ ಹೆಸರಿನಲ್ಲೇ ಕೈಗೆ ಸಿಕ್ಕಾವು.