ಮೇ 1ರ ಗ್ರಾಮಸಭೆಗೆ ಬನ್ನಿ: ಕಂಪನಿಗಳು ಕೊಡಬೇಕಾದ್ದನ್ನು ಕೇಳೋಣ



ಗೂಡಲೂರು, ಮಸಿನಗುಡಿ, ಊಟಿ ಸೀಮೆಯ ತೋಟ, ರೆಸಾರ್ಟು, ಅಂಗಡಿಗಳಲ್ಲಿ ದುಡಿಯುವ ಅಣ್ಣಂದಿರೇ, ಅಕ್ಕಂದಿರೇ,

ಇನ್ನೇನು ಮಳೆಗಾಲ ಬಂತು. ತೋಟದ ಲೈನ್ ಮನೆಗಳ ಒಳಗೆ ಒಮ್ಮೆ ಕಣ್ಣಾಡಿಸಿ. ಶೀಟಿನ ತೂತಿಗೆ ಟಾರ್ಪಾಲು, ಅದು ಹಾರದಂತೆ ಮೇಲೆ ಹಳೆ ಟೈರು, ಸೋರುವಲ್ಲೆಲ್ಲ ಪಾತ್ರೆ, ಒಲೆಯ ಮೇಲಿನ ಹಗ್ಗದಲ್ಲಿ ಒಣಗದ ಯೂನಿಫಾರ್ಮು. ಆ ಮನೆಯಿಂದ ಹೊರಟ ಅಕ್ಕ ಸೊಂಟಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು, ಜಿಗಣೆ ಕಿತ್ತೆಸೆಯುತ್ತಾ ಚಿಗುರು ಕೀಳುತ್ತಾಳೆ. ತೋಟದಲ್ಲಿ ಶೌಚಾಲಯವಿಲ್ಲ ಎಂದು ಬೆಳಗಿನಿಂದ ನೀರನ್ನೇ ಕುಡಿಯದೆ ದುಡಿಯುವವರಿದ್ದಾರೆ. ಇಷ್ಟರ ನಡುವೆ ಯಾವುದಾದರೂ ಕಂಪನಿ ನಾಲ್ಕು ಮನೆಗೆ ಸುಣ್ಣ ಬಳಿಸಿ 'ಸಾಮಾಜಿಕ ಸೇವೆ' ಎಂದು ಬ್ಯಾನರ್ ಕಟ್ಟಿದರೆ ನಾವು ಕೈಮುಗಿದು ಫೋಟೋಗೆ ನಿಲ್ಲುತ್ತೇವೆ.

ಇನ್ನು ಹಾಗೆ ನಿಲ್ಲುವುದು ಬೇಡ. ತೋಟದ ಕೆಲಸಗಾರರಿಗೆ ಮನೆ, ಕುಡಿಯುವ ನೀರು, ಶೌಚಾಲಯ, ವೈದ್ಯಕೀಯ ನೆರವು, ಕೂಸುಗಳಿಗೆ ಶಿಶುಪಾಲನಾ ಕೇಂದ್ರ ಕೊಡಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. 'ಹಳೆ ಕಾಯ್ದೆ ಹೋಯಿತು' ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮನೆ, ನೀರು, ಅಡುಗೆಮನೆ, ಶೌಚಾಲಯ, ಆರೋಗ್ಯದ ಹೊಣೆ ಹೊಸದರಲ್ಲೂ ಮಾಲೀಕನ ಮೇಲೆಯೇ ಇದೆ. ಕೆಲಸಕ್ಕೆ ಸೇರಿದ ಪ್ರತಿಯೊಬ್ಬರಿಗೂ ನೇಮಕದ ಪತ್ರ ಕೊಡಬೇಕೆಂಬ ಮಾತೂ ಅದರಲ್ಲಿದೆ.

ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ಎನ್ನುವುದು ಇದರಾಚೆಗಿನ ಲೆಕ್ಕ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು, 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ತಾನು ವ್ಯವಹಾರ ನಡೆಸುವ ಸ್ಥಳಕ್ಕೇ ಮೊದಲ ಆದ್ಯತೆ ಕೊಡಬೇಕು. ಬೇರೆ ಕಾನೂನಿನಂತೆ ಮಾಡಲೇಬೇಕಾದ ಕೆಲಸವನ್ನಾಗಲಿ, ತನ್ನ ನೌಕರರಿಗಷ್ಟೇ ಮಾಡುವ ಖರ್ಚನ್ನಾಗಲಿ ಈ ಲೆಕ್ಕಕ್ಕೆ ಬರೆಯುವಂತಿಲ್ಲ ಎಂದು ನಿಯಮವೇ ಹೇಳುತ್ತದೆ. ಅಂದರೆ ಲೈನ್ ಮನೆಯ ಸೂರು ಸಿಎಸ್‌ಆರ್ ಅಲ್ಲ. ತಂದ ಸಾಲ ತೀರಿಸಿದವನು ದಾನ ಕೊಟ್ಟೆ ಎಂದು ಹೇಳಿಕೊಳ್ಳುವ ಹಾಗಿಲ್ಲ. ಸೂರೂ ಆಗಬೇಕು, ಆ ಶೇ. 2ರ ಹಣವೂ ಊರಿಗೆ ಬರಬೇಕು.

ಆ ಹಣ ಯಾರಿಗೆ ಮುಟ್ಟಬೇಕು? ತೋಡ, ಕೋತ, ಕುರುಂಬ, ಇರುಳ, ಪಣಿಯ, ಕಾಟ್ಟುನಾಯಕನ್ ಎಂಬ ಆರು ಅತಿ ದುರ್ಬಲ ಬುಡಕಟ್ಟುಗಳು ನಮ್ಮ ನೀಲಗಿರಿ ಜಿಲ್ಲೆಯಲ್ಲಿವೆ. ಗೂಡಲೂರು ಕಡೆಯ ತೋಟಗಳಲ್ಲಿ ಪಣಿಯರು ದಿನಗೂಲಿಗೆ ದುಡಿಯುತ್ತಾರೆ. ಅವರನ್ನು ಕೇಳದೆ ಕಟ್ಟಿಸಿದ ಕಟ್ಟಡ ಯಾರಿಗೂ ಬೇಡ. ಕೇಳಿ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಗೂಡಲೂರಿನ ಆದಿವಾಸಿ ಆಸ್ಪತ್ರೆಯೇ ಇದೆ: ಅಲ್ಲಿ ಆದಿವಾಸಿ ಹೆಣ್ಣುಮಕ್ಕಳೇ ತರಬೇತಿ ಪಡೆದು ನರ್ಸುಗಳಾಗಿದ್ದಾರೆ.

ಜಾರ್ಖಂಡ್, ಅಸ್ಸಾಮಿನಿಂದ ಬಂದು ನಮ್ಮ ಪಕ್ಕದಲ್ಲೇ ಎಲೆ ಕೀಳುವವರನ್ನೂ ಮರೆಯಬೇಡಿ. ಅವರಲ್ಲಿ ಹೆಚ್ಚಿನವರಿಗೆ ಇಲ್ಲಿ ಓಟಿಲ್ಲ, ಗ್ರಾಮಸಭೆಯಲ್ಲಿ ಅವರ ಮಾತನ್ನು ನಾವೇ ಎತ್ತಬೇಕು.

ಮಸಿನಗುಡಿಯವರಿಗೆ ಒಂದು ಮಾತು. ಸೀಗೂರು ಆನೆ ಹಾದಿಯಲ್ಲಿದ್ದ ರೆಸಾರ್ಟುಗಳಿಗೆ ಬೀಗ ಹಾಕಲು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿತು, 2020ರ ಅಕ್ಟೋಬರ್ 14ರಂದು ಆ ಹಾದಿಯನ್ನು ಗೊತ್ತುಮಾಡಿದ್ದ ಸರ್ಕಾರದ ಆದೇಶವನ್ನೇ ಎತ್ತಿಹಿಡಿಯಿತು. ಆನೆಯ ದಾರಿ ಆನೆಗೇ ಇರಲಿ, ಅದರಲ್ಲಿ ನಮ್ಮದು ಎರಡು ಮಾತಿಲ್ಲ. ಆದರೆ ಬಾಗಿಲು ಮುಚ್ಚಿದ ದಿನ ಅಡುಗೆಯವರು, ರೂಂ ಹುಡುಗರು, ಜೀಪು ಓಡಿಸುವವರ ಕೈಗೆ ಏನು ಸಿಗಬೇಕು? ನೇಮಕದ ಪತ್ರವಿಲ್ಲದವನು ತಾನು ಅಲ್ಲಿ ದುಡಿದೆ ಎಂದು ತೋರಿಸುವುದೇ ಕಷ್ಟ. ಈಗಲೇ ಕೇಳಿ ಪಡೆಯಿರಿ. ಊಟಿಯ ಅಂಗಡಿಗಳಲ್ಲಿ ದಿನವಿಡೀ ನಿಂತೇ ಇರುವ ತಂಗಿಯರೇ, ನಿಮಗೆ ಕೂರಲು ಆಸನ ಕೊಡಲೇಬೇಕೆಂದು ತಮಿಳುನಾಡು 2021ರಲ್ಲೇ ಕಾನೂನು ಮಾಡಿದೆ.

ಕೇಳಿದರೆ ಆಗುತ್ತದೆಯೇ? ಇದೇ ರಾಜ್ಯದ ಇನ್ನೊಂದು ಬೆಟ್ಟದಲ್ಲಿ, ಕೊಡೈಕೆನಾಲ್‌ನಲ್ಲಿ, ಪಾದರಸದ ಥರ್ಮಾಮೀಟರ್ ಕಾರ್ಖಾನೆ 2001ರಲ್ಲಿ ಮುಚ್ಚಿತು. ಅಲ್ಲಿ ದುಡಿದವರು ಪರಿಹಾರ ಬೇಕೆಂಬ ಪಟ್ಟು ಬಿಡಲಿಲ್ಲ. 2016ರ ಮಾರ್ಚ್‌ನಲ್ಲಿ ಆ ಕಾರ್ಖಾನೆ ನಡೆಸಿದ್ದ ಹಿಂದೂಸ್ತಾನ್ ಯೂನಿಲಿವರ್ 591 ಮಾಜಿ ಕೆಲಸಗಾರರ ಜೊತೆ ಒಪ್ಪಂದಕ್ಕೆ ಬಂತು. ಹದಿನೈದು ವರ್ಷ ಹಿಡಿಯಿತು. ನಮಗೆ ಅಷ್ಟು ವರ್ಷ ಕಾಯುವ ತಾಳ್ಮೆ ಬೇಡ, ಅವರಷ್ಟು ಒಗ್ಗಟ್ಟು ಬೇಕು.

ಮೇ 1ರಂದು ನಿಮ್ಮ ಪಂಚಾಯತಿಯ ಗ್ರಾಮಸಭೆಗೆ ಮನೆಮಂದಿಯೆಲ್ಲ ಬನ್ನಿ. ಅಷ್ಟರೊಳಗೆ ಕಾಲೇಜು ಓದುವ ಮಕ್ಕಳಿಗೆ ಹೇಳಿ, ಕೇಂದ್ರ ಸರ್ಕಾರದ ಸಿಎಸ್‌ಆರ್ ಜಾಲತಾಣದಲ್ಲಿ ನಿಮ್ಮ ಕಂಪನಿಯ ಹೆಸರು ಹಾಕಿ ನೀಲಗಿರಿಗೆ ಎಷ್ಟು ಖರ್ಚಾಗಿದೆ ಎಂದು ನೋಡಿಸಿ, ಬರೆದಿಟ್ಟುಕೊಳ್ಳಿ. ಸೋರುವ ಸೂರಿನ ಫೋಟೋ, ಕೂಲಿ ಚೀಟಿ, ಪಿಎಫ್ ನಂಬರು ಜೊತೆಗಿರಲಿ. ತಮಿಳು ಬರೆಯಲು ಬಾರದವರು ಕನ್ನಡದಲ್ಲೋ ಬಡಗದಲ್ಲೋ ಹೇಳಿ, ಬಲ್ಲವರು ಬರೆದುಕೊಡಲಿ. ಈ ಭಾಗದಲ್ಲಿರುವ ಪ್ರತಿ ಕಂಪನಿ ತನ್ನ ಸಿಎಸ್‌ಆರ್ ಲೆಕ್ಕವನ್ನು ಗ್ರಾಮಸಭೆಯ ಮುಂದಿಡಬೇಕು, ಕೆಲಸ ಯಾವುದೆಂದು ನಮ್ಮನ್ನು ಕೇಳಿ ಗೊತ್ತುಮಾಡಬೇಕು ಎಂದು ಠರಾವು ಬರೆಸಿ, ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ. ಗೂಡಲೂರು, ಊಟಿ ಪೇಟೆಯವರಿಗೆ ಗ್ರಾಮಸಭೆ ಇಲ್ಲ. ನೀವು ಇದೇ ಮನವಿಯನ್ನು ವಾರ್ಡ್ ಕೌನ್ಸಿಲರ್ ಕೈಗೂ ಜಿಲ್ಲಾಧಿಕಾರಿ ಕಚೇರಿಗೂ ಕೊಟ್ಟು, ಕೊಟ್ಟಿದ್ದಕ್ಕೆ ರಸೀದಿ ಪಡೆಯಿರಿ.