ಅಕ್ಷಾಂಶ ಒಂದ, ಮಳೆ ಬ್ಯಾರೆ

ಯಲ್ಲಾಪುರದ ರೀಲ್ಸ್ ನೋಡಿ 'ನಮ್ಮ ಕಡೆ ಹವಾ ಯಾಕ ಹಿಂಗ?' ಅಂತೀರಲ್ಲ, ಮ್ಯಾಪ್ ತೆಗೀರಿ. ಯಲ್ಲಾಪುರ, ಶಿಗ್ಗಾಂವಿ, ಸವಣೂರು ಮೂರೂ ಹೆಚ್ಚುಕಡಿಮೆ 15 ಡಿಗ್ರಿ ಉತ್ತರ ಅಕ್ಷಾಂಶದಾಗ ಅದಾವ. ಆದ್ರ ಅರಬ್ಬೀ ಸಮುದ್ರದ ಮೋಡ ಘಟ್ಟ ಹತ್ತುವಾಗಲೇ ಮಳೆ ಸುರಿಸಿಬಿಡ್ತಾವ. ಇತ್ತಕಡೆ ಇಳಿಯೋ ಗಾಳಿ ಒಣಗಿರ್ತದ. ಮಲೆನಾಡಿನ ಅಂಚಿನ ಹಾನಗಲ್ಲಿಗೆ ಒಂದಿಷ್ಟು ಪಾಲು, ಸವಣೂರಿಗೆ ಉಳಿದದ್ದು. ಅಲ್ಲಿ ಆಫ್ರಿಕಾದ ಒಣನಾಡಿನ ದೊಡ್ಡಹುಣಸೆ ಮರಗಳು ಶತಮಾನಗಟ್ಟಲೆ ಆರಾಮಾಗಿ ನಿಂತಾವ (ಹೌದು, ನಿಮ್ಮ ಸೆಲ್ಫಿ ಮರ ಅದ).

ನನಗ ಸಂಕಟ ಆಗೋದು ಬ್ಯಾರೆ ವಿಷಯಕ್ಕ. ಮೆಕ್ಕೆಜೋಳ, ಹತ್ತಿ ಬೆಳೆಯೋ ಹೊಲದಾಗ ಘಟ್ಟದವರನ್ನ ನೋಡಿ ಅಡಿಕೆ ಹಚ್ಚಾಕತ್ತೀವಿ. ಅಲ್ಲಿ ಹೆಚ್ಚಿನ ನೀರು ಮಳೆ ಕೊಡ್ತದ. ಹಿರೇಕೆರೂರಿನಾಗ ಬೋರ್‌ವೆಲ್ ಕೊರೆಸಬೇಕು, ಸಾಲ ಮಾಡಬೇಕು. ಫಸಲಿಗೆ ಐದಾರು ವರ್ಷ ಕಾಯಬೇಕು, ಬಡ್ಡಿ ಕಾಯಂಗಿಲ್ಲ. ಬಿಕಾಂ ಓದಾಕತ್ತೀರಿ, ಅಪ್ಪ ಸಸಿ ತರೂದಕ್ಕ ಮೊದಲ ಕುಂತು ನೀರಿನ ಖರ್ಚು ಲೆಕ್ಕ ಹಾಕ್ರಿ.