ಇಟ್ಟಿಗೆ ಸಾಲಿನ ಸುರುಳಿಗಳು

ಮದುವೆಮನೆಗೆ ಹೊರಟ ಮಗಳಿಗೆ ಪಾರ್ಲರ್ ಖರ್ಚು ಭರಿಸುವಂತಿರಲಿಲ್ಲ. ಹಿಂದಿನ ದಿನ ಮನೆಯಲ್ಲೇ ರೋಲರ್ ಸುತ್ತಿ ನೋಡಿದೆವು. ಹಣೆಯಿಂದ ಕತ್ತಿನವರೆಗೆ ನೇರ ಸಾಲುಗಳು. ಬಿಚ್ಚಿದರೆ ಸಾಲುಗಳ ನಡುವೆ ನೆತ್ತಿ ಕಾಣುತ್ತಿತ್ತು, ಹುಡುಗಿ ಅತ್ತೇಬಿಟ್ಟಳು.

ಮತ್ತೆ ಒದ್ದೆ ಮಾಡಿ, ಗೋಡೆಯ ಇಟ್ಟಿಗೆಯಂತೆ ಜೋಡಿಸಿದೆವು: ಮುಂದೆ ಒಂದು, ಅದರ ಹಿಂದೆ ಎರಡು, ಆಮೇಲೆ ಮೂರು. ಒಂದು ಸಾಲಿನ ಸಂದಿಯನ್ನು ಹಿಂದಿನ ಸಾಲಿನ ರೋಲರ್ ಮುಚ್ಚುತ್ತದೆ. ಸುತ್ತುವ ಕೂದಲಿನ ಪಟ್ಟಿ ರೋಲರ್‌ಗಿಂತ ಅಗಲವಿರಬಾರದು.

ಒದ್ದೆಯಾದ ಕೂದಲಿನಲ್ಲಿ ಹೈಡ್ರೋಜನ್ ಬಂಧಗಳು ಸಡಿಲಗೊಂಡು, ಒಣಗುವಾಗ ಹೊಸ ಆಕಾರದಲ್ಲಿ ಬಿಗಿಯುತ್ತವೆ. ಆದ್ದರಿಂದ ಒಳಗಿನ ಸುತ್ತೂ ಪೂರ್ತಿ ಒಣಗುವವರೆಗೆ ಬಿಚ್ಚಬೇಡಿ. ಅವಸರವೇ ಇಲ್ಲಿ ದೊಡ್ಡ ಶತ್ರು.

ಭದ್ರಾ ದಡದ ನಮ್ಮ ಓಲ್ಡ್ ಟೌನ್‌ನ ಮಳೆಗಾಲದ ತೇವಕ್ಕೆ ಸುರುಳಿಗಳು ಮರುದಿನ ಸಂಜೆಗೇ ಇಳಿದವೆನ್ನಿ. ಅಷ್ಟರಲ್ಲಿ ಊಟ ಮುಗಿದಿತ್ತು.